ಪ್ರಸ್ತಾರ ಬೇಡ, ಕಿವಿ ಸಾಕು: ಮೋರ್ಸ್ ಕಲಿಯುವವರಿಗೆ ಟಿಪ್ಪಣಿ

ಹವ್ಯಾಸಿ ರೇಡಿಯೋದವರು ಬಳಸುವ ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರವೂ ಗಿಡ್ಡ, ಉದ್ದ ನಾದಗಳ ಒಂದು ಸಾಲು. ಹೈಸ್ಕೂಲಿನಲ್ಲಿ ಛಂದಸ್ಸು ಓದಿದ್ದರೆ ಮೋರ್ಸ್‌ನ ಎಂಟು ಅಕ್ಷರ ನಿಮಗೆ ಆಗಲೇ ಗೊತ್ತು. ಲಘುವನ್ನು ಡಿಟ್ (ಗಿಡ್ಡ ನಾದ) ಅಂತ, ಗುರುವನ್ನು ಡಾ (ಉದ್ದ ನಾದ) ಅಂತ ಓದಿಕೊಳ್ಳಿ. ನಗಣ ಎಸ್, ಮಗಣ ಓ. ಯಗಣ ಡಬ್ಲ್ಯೂ, ರಗಣ ಕೆ, ತಗಣ ಜಿ, ಭಗಣ ಡಿ, ಜಗಣ ಆರ್, ಸಗಣ ಯು. ಯಮಾತಾರಾಜಭಾನಸಲಗಂನ ಎಂಟೂ ಗಣಗಳು ಒಂದೂ ಬಿಡದೆ ಮೋರ್ಸ್‌ನಲ್ಲಿ ಒಂದೊಂದು ಅಕ್ಷರ. ಇದು ಹೊಳೆದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಅದೇ ಖುಷಿಯಲ್ಲಿ ದಾರಿಯೂ ತಪ್ಪಿತು. ಲಘು-ಗುರು ಚಿಹ್ನೆ ಹಾಕಿ ಪೂರ್ತಿ ಅಕ್ಷರಮಾಲೆಯ ಪಟ್ಟಿ ಬರೆದು ಮೇಜಿನ ಎದುರು ಅಂಟಿಸಿದೆ. ಕೇಳಿದ್ದನ್ನು ಮನಸ್ಸಿನಲ್ಲೇ ಪ್ರಸ್ತಾರ ಹಾಕುವುದು, ಆಮೇಲೆ ಪಟ್ಟಿಯಲ್ಲಿ ಅಕ್ಷರ ಹುಡುಕುವುದು. ನಿಮಿಷಕ್ಕೆ 5 ಪದದ ವೇಗದಲ್ಲಿ ಇದು ಚೆನ್ನಾಗಿಯೇ ನಡೆಯಿತು. 8ಕ್ಕೆ ಬಂದಾಗ ತಡವರಿಸಿದೆ. 10ರಲ್ಲಿ ಪೂರ್ತಿ ನಿಂತುಹೋದೆ, ತಿಂಗಳುಗಟ್ಟಲೆ. ಯಾಕೆ ಅನ್ನುವುದು ಲೆಕ್ಕ ಹಾಕಿದಾಗಷ್ಟೇ ತಿಳಿಯಿತು.

ಡಿಟ್ 1 ಮಾತ್ರೆ ಅಂದುಕೊಂಡರೆ ಡಾ 3 ಮಾತ್ರೆ. ಗುರುವಿನ ಹಾಗೆ 2 ಅಲ್ಲ. ಛಂದಸ್ಸು ಬಲ್ಲವರ ಡಾ ಗಿಡ್ಡವಾಗುವುದು ಇಲ್ಲಿಯೇ. ಒಂದೇ ಅಕ್ಷರದ ಒಳಗಿನ ನಾದಗಳ ನಡುವೆ 1 ಮಾತ್ರೆ ಮೌನ, ಅಕ್ಷರಗಳ ನಡುವೆ 3, ಪದಗಳ ನಡುವೆ 7. ವೇಗ ಅಳೆಯಲು ಇಂಗ್ಲಿಷಿನ ‘ಪ್ಯಾರಿಸ್’ ಪದವನ್ನು ಇಟ್ಟುಕೊಂಡಿದ್ದಾರೆ, ಕೊನೆಯ ಮೌನವೂ ಸೇರಿ ಅದು ಸರಿಯಾಗಿ 50 ಮಾತ್ರೆ. ಹಾಗಾಗಿ ನಿಮಿಷಕ್ಕೆ 5 ಪದದಲ್ಲಿ ಒಂದು ಡಿಟ್ 240 ಮಿಲಿಸೆಕೆಂಡ್, 20 ಪದದಲ್ಲಿ 60. ಡಾ-ಡಿ-ಡಾ, ಅಂದರೆ ಕೆ, ಒಟ್ಟು 9 ಮಾತ್ರೆ. ನಿಧಾನದಲ್ಲಿ ಅದು ಎರಡು ಸೆಕೆಂಡಿಗೂ ಹೆಚ್ಚು, ಎಣಿಸಲು ಬೇಕಾದಷ್ಟು ಸಮಯ. 20 ಪದದಲ್ಲಿ ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು, ಅಷ್ಟೇ. ಎಣಿಸುವ ಅಭ್ಯಾಸ ಅಲ್ಲಿ ಸೋಲಲೇಬೇಕು.

ಭಾಮಿನಿ ಷಟ್ಪದಿಯನ್ನು ನಾವು ಹೇಗೆ ಗುರುತಿಸುತ್ತೇವೆ ನೋಡಿ. ಯಾರೋ ಓದುತ್ತಿದ್ದರೆ ಮೂರು-ನಾಲ್ಕು, ಮೂರು-ನಾಲ್ಕು ಅನ್ನುವ ನಡೆ ಕಿವಿಗೆ ಮೊದಲೇ ಸಿಕ್ಕಿರುತ್ತದೆ. ಗೆರೆ ಎಳೆದು ಗಣ ವಿಭಾಗಿಸುವುದು ಪರೀಕ್ಷೆಗೆ. ಮೋರ್ಸ್ ಕೂಡ ಹಾಗೆ ಕಿವಿಯಿಂದಲೇ ಬರಬೇಕು. 1930ರ ದಶಕದಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಲುಡ್ವಿಗ್ ಕಾಖ್ ತೋರಿಸಿದ ದಾರಿ ಇದೇ. ಮೊದಲ ದಿನದಿಂದಲೇ ಪೂರ್ತಿ ವೇಗ, ಆದರೆ ಅಕ್ಷರ ಎರಡೇ. ನೂರಕ್ಕೆ ತೊಂಬತ್ತು ಸರಿಯಾದ ಮೇಲೆ ಮೂರನೆಯದು, ಮತ್ತೆ ತೊಂಬತ್ತು, ಆಗ ನಾಲ್ಕನೆಯದು. ಈಗಿನ ಅಭ್ಯಾಸ ತಾಣಗಳಲ್ಲಿ ಸಾಮಾನ್ಯವಾಗಿ ಕೆ ಮತ್ತು ಎಂ ಮೊದಲು ಬರುತ್ತವೆ. ತೀರಾ ಧಾವಂತ ಅನ್ನಿಸಿದರೆ ಫಾರ್ನ್ಸ್‌ವರ್ತ್ ಪದ್ಧತಿ ಇದೆ: ಅಕ್ಷರ 20 ಪದದ ವೇಗದಲ್ಲೇ ಇರಲಿ, ಅಕ್ಷರಗಳ ನಡುವಿನ ಮೌನವನ್ನಷ್ಟೇ ಹಿಗ್ಗಿಸಿ. ಅಕ್ಷರವನ್ನೇ ಎಳೆದು ಉದ್ದ ಮಾಡಬೇಡಿ. ನಾನು ಪಟ್ಟಿ ಕಿತ್ತುಹಾಕಿ ಎರಡು ಅಕ್ಷರದಿಂದ ಮತ್ತೆ ಶುರು ಮಾಡಿದೆ. ಹಳೆಯದನ್ನು ಮರೆಯುವುದೇ ಹೊಸದನ್ನು ಕಲಿಯುವುದಕ್ಕಿಂತ ಕಷ್ಟವಾಯಿತು.

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನವೂ ಬೇಕು. ಬರೆದುಕೊಳ್ಳುವಾಗ ಒಂದು ಅಕ್ಷರ ತಪ್ಪಿದರೆ ಅಲ್ಲೊಂದು ಗೆರೆ ಎಳೆದು ಮುಂದಕ್ಕೆ ಹೋಗಿ. ಅದು ಎಚ್ ಇರಬಹುದೇ, ಅಂಕಿ 5 ಇರಬಹುದೇ (ನಾಲ್ಕು ಡಿಟ್, ಐದು ಡಿಟ್, ಎಲ್ಲರನ್ನೂ ಕಾಡುವ ಜೋಡಿ) ಅಂತ ಯೋಚಿಸುವಷ್ಟರಲ್ಲಿ ಇನ್ನೂ ಮೂರು ಅಕ್ಷರ ದಾಟಿರುತ್ತವೆ. ನನ್ನ ಆಗಿನ ನೋಟ್‌ಬುಕ್‌ನ ಪುಟಗಳಲ್ಲಿ ಅಕ್ಷರಕ್ಕಿಂತ ಗೆರೆಗಳೇ ಹೆಚ್ಚು. ವಾರಗಳು ಕಳೆದ ಹಾಗೆ ಗೆರೆಗಳು ಕಡಿಮೆಯಾಗಿರುವುದು ಕಾಣುತ್ತದೆ. ಅಂಕಪಟ್ಟಿಗಿಂತ ಆ ಪುಟಗಳ ಮೇಲೆಯೇ ನನಗೆ ಹೆಚ್ಚು ಪ್ರೀತಿ.

ಸ್ವಲ್ಪ ಹಿಡಿತ ಬಂದ ಮೇಲೆ ರೇಡಿಯೋದಲ್ಲಿ 14.100 ಮೆಗಾಹರ್ಟ್ಸ್‌ಗೆ ಕಿವಿಗೊಡಿ. ಜಗತ್ತಿನ ಬೇರೆ ಬೇರೆ ಕಡೆ ಇದ್ದು ತಾವಾಗಿಯೇ ಸಂಕೇತ ಕಳಿಸುವ 18 ಬೀಕನ್‌ಗಳು ಸರದಿಯಂತೆ ತಲಾ 10 ಸೆಕೆಂಡ್ ಮಾತಾಡುವ ಜಾಗ ಅದು. 3 ನಿಮಿಷಕ್ಕೆ ಒಂದು ಸುತ್ತು. 22 ಪದದ ವೇಗದಲ್ಲಿ ತನ್ನ ಗುರುತಿನ ಹೆಸರಾದ ಕಾಲ್‌ಸೈನ್, ಆಮೇಲೆ ಒಂದೊಂದು ಸೆಕೆಂಡಿನ ನಾಲ್ಕು ಉದ್ದ ನಾದ: 100 ವಾಟ್, 10, 1, ಕೊನೆಗೆ 0.1. ಎಷ್ಟನೆಯದರವರೆಗೆ ಕೇಳಿಸಿತು ಅಂತ ಬರೆದಿಡಿ. ನಮಗೆ ಹತ್ತಿರದ ಬೀಕನ್ ಕೊಲಂಬೊದ 4ಎಸ್7ಬಿ. ಹತ್ತಿರದ್ದೇ ಜೋರಾಗಿ ಕೇಳಬೇಕೆಂದೇನಿಲ್ಲ, ಅಯಾನುಗೋಳದಿಂದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಬಾಗಿ ಬರುವ ಅಲೆ ಎಷ್ಟೋ ಸಲ ಪಕ್ಕದ ಊರನ್ನು ದಾಟಿ ದೂರ ಹೋಗಿ ಇಳಿಯುತ್ತದೆ. ಧ್ವನಿ ಸಂಪರ್ಕಕ್ಕೆ 2,500 ಹರ್ಟ್ಸ್‌ನಷ್ಟು ಜಾಗ ಬೇಕು, ಮೋರ್ಸ್‌ಗೆ 150ರ ಆಸುಪಾಸು ಸಾಕು. ಶಕ್ತಿಯೆಲ್ಲ ಅಷ್ಟೇ ಜಾಗದಲ್ಲಿ ಒಟ್ಟಾಗುವುದರಿಂದಲೇ 5 ವಾಟ್‌ನ ಪುಟ್ಟ ಸೆಟ್ ಹಿಡಿದವರೂ ಸಮುದ್ರದಾಚೆಯವರನ್ನು ಮುಟ್ಟುತ್ತಾರೆ.

ಹವ್ಯಾಸಿ ರೇಡಿಯೋ ಲೈಸೆನ್ಸ್ ಕೈಗೆ ಬಂದು ನಿಜವಾದ ಸಂಪರ್ಕಕ್ಕೆ ಕೂತಾಗ ಒಂದೆರಡು ರೂಢಿ ಗೊತ್ತಿರಲಿ. ಸಿಗ್ನಲ್ ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ ಅನ್ನುವ ವರದಿ 599 ಅನ್ನುವುದನ್ನು 5ಎನ್‌ಎನ್ ಅಂತ ಕಳಿಸುತ್ತಾರೆ, ಏಕೆಂದರೆ ಅಂಕಿ 9 ಕಳಿಸಲು 17 ಮಾತ್ರೆ, ಎನ್‌ಗೆ ಐದೇ. ಎದುರಿನವರ ವೇಗ ಹಿಡಿಯಲಾಗದಿದ್ದರೆ ಕ್ಯೂಆರ್‌ಎಸ್ ಕಳಿಸಿ, ನಿಧಾನ ಮಾಡಿ ಅಂತ ಅರ್ಥ. ಕೇಳಲು ಹಿಂಜರಿಯಬೇಡಿ. ನನ್ನ ಮೊದಲ ಸಂಪರ್ಕದಲ್ಲಿ ನಾದ ಕಳಿಸುವ ಕೀ ಮೇಲಿದ್ದ ಬೆರಳು ಬೆವತು ಜಾರುತ್ತಿತ್ತು, ನನ್ನ ಕಾಲ್‌ಸೈನನ್ನೇ ಎರಡು ಸಲ ತಪ್ಪಾಗಿ ಕಳಿಸಿದೆ. ಕ್ಯೂಆರ್‌ಎಸ್ ಅಂದೆ. ಎದುರಿನವರು ತಕ್ಷಣ ನನ್ನ ವೇಗಕ್ಕೇ ಇಳಿದು, ಊರು, ಹೆಸರು, ಹವಾಮಾನ, ಎಲ್ಲವನ್ನೂ ಬಿಡಿಸಿ ಬಿಡಿಸಿ ಎರಡೆರಡು ಸಲ ಹೇಳಿದರು. ಕೊನೆಗೆ 73, ಶುಭಾಶಯ. ಮುಗಿಯಿತು ಅಂದುಕೊಂಡು ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಅತ್ತಲಿಂದ ಎರಡು ಬಿಡಿ ನಾದ ಬಂತು: ಡಿಟ್, ಡಿಟ್. ಹೊರಡುವಾಗ ಹಾಗೆ ಹೇಳುವುದು ವಾಡಿಕೆ. ನಾನೂ ಕೀ ಮೇಲೆ ಎರಡು ಸಲ ಬೆರಳೊತ್ತಿದೆ.