ಹಂಡ್ರೆಡ್ತ್ ವಿಂಡೋ ಆಲ್ಬಂಗೆ ಅಷ್ಟೊಂದು ಟೀಕೆ ಯಾಕೆ ಬಂತು?

2003ರ ಫೆಬ್ರವರೀಲಿ ಇಂಗ್ಲೆಂಡಿನ ಬ್ಯಾಂಡ್ ಮ್ಯಾಸಿವ್ ಅಟ್ಯಾಕ್‌ನ ನಾಲ್ಕನೇ ಆಲ್ಬಂ 'ಹಂಡ್ರೆಡ್ತ್ ವಿಂಡೋ' ಬಂತು, ಬ್ರಿಟನ್ ಚಾರ್ಟಲ್ಲಿ ಸೀದಾ ನಂಬರ್ ಒನ್, ಆದ್ರೆ ರಿವ್ಯೂ ಬರೆಯೋರಲ್ಲಿ ಸುಮಾರು ಜನ ಮೂಗು ಮುರಿದ್ರು. ತಣ್ಣಗಿದೆ, ಎಲ್ಲಾ ಹಾಡೂ ಒಂದೇ ಥರ ಇದೆ ಅಂತ. ಈ ಮಾತು ಯಾಕೆ ಬಂತು ಅಂತ ತಿಳೀಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಬ್ರಿಸ್ಟಲ್‌ನ ವೈಲ್ಡ್ ಬಂಚ್ ಅನ್ನೋ ಸೌಂಡ್ ಸಿಸ್ಟಂ (ದೊಡ್ಡ ಸ್ಪೀಕರ್ ಇಟ್ಟು ಪಾರ್ಟಿಗಳಲ್ಲಿ ರೆಕಾರ್ಡ್ ಹಾಕೋ ಡಿಜೆಗಳ) ಗುಂಪಿಂದ ಹುಟ್ಟಿದ ಬ್ಯಾಂಡ್ ಇದು. ರಾಬರ್ಟ್ ಡೆಲ್ ನಾಜಾ, ಡ್ಯಾಡಿ ಜಿ, ಮಶ್ರೂಮ್, ಮೂರೂ ಜನರ ಟೇಸ್ಟ್ ಬೇರೆ ಬೇರೆ. 1991ರ 'ಬ್ಲೂ ಲೈನ್ಸ್'ನಲ್ಲಿ ಸೋಲ್, ರೆಗೇ, ಹಿಪ್‌ಹಾಪ್ ಶೈಲಿಗಳೆಲ್ಲಾ ಸೇರಿಕೊಂಡಿದ್ದು ಅದಕ್ಕೇನೇ, ಹಳೇ ರೆಕಾರ್ಡುಗಳಿಂದ ಎತ್ತಿದ ತುಣುಕುಗಳು ಅಂದ್ರೆ ಸ್ಯಾಂಪಲ್‌ಗಳೂ ತುಂಬಾನೇ ಇದ್ವು, 'ಸೇಫ್ ಫ್ರಮ್ ಹಾರ್ಮ್'ನ ಆ ಬೇಸ್ ಗಿಟಾರ್ ಜಾಝ್ ಡ್ರಮ್ಮರ್ ಬಿಲ್ಲಿ ಕೋಬಮ್ ರೆಕಾರ್ಡಿಂದ ಬಂದಿದ್ದು. 1998ರ 'ಮೆಜ್ಜನೈನ್' ಹೊತ್ತಿಗೆ ಡೆಲ್ ನಾಜಾ ಗಿಟಾರ್ ಕಡೆ, ಕತ್ತಲೆ ಕಡೆ ಎಳೆದ್ರು, ಮಶ್ರೂಮ್‌ಗೆ ಅದು ಸರಿಬರ್ಲಿಲ್ಲ, ಜಗಳ ಆಗಿ 1999ರಲ್ಲಿ ಬಿಟ್ಟೇ ಹೋದ್ರು. ಆಮೇಲೆ ಡ್ಯಾಡಿ ಜಿ ಕೂಡ ಸಂಸಾರ ಅಂತ ದೂರ ಉಳಿದ್ರು. ಉಳಿದಿದ್ದು ಡೆಲ್ ನಾಜಾ, ಜೊತೆಗೆ ಪ್ರೊಡ್ಯೂಸರ್ ನೀಲ್ ಡೇವಿಡ್ಜ್. ಮೊದ್ಲು ಲುಪೈನ್ ಹೌಲ್ ಬ್ಯಾಂಡಿನವರ ಜೊತೆ ರೆಕಾರ್ಡ್ ಮಾಡಿದ್ದೆಲ್ಲಾ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದ್ರು, ಹಳೇ ಸ್ಯಾಂಪಲ್‌ಗಳ ದಾರೀನೂ ಬಿಟ್ರು.

ಹಾಗಾಗಿ ವಿಮರ್ಶಕರು ಈ ಆಲ್ಬಂನಲ್ಲಿ ಇರೋದಕ್ಕಿಂತ ಇಲ್ಲದೇ ಇರೋರನ್ನೇ ಜಾಸ್ತಿ ಹುಡುಕಿದ್ರು ಅನ್ಸುತ್ತೆ ನಂಗೆ. ಡ್ಯಾಡಿ ಜಿಯ ಆ ದಪ್ಪ ದನಿ ಇಲ್ಲ, 'ಮೆಜ್ಜನೈನ್'ನಲ್ಲಿದ್ದ 'ಟಿಯರ್‌ಡ್ರಾಪ್' ಥರ ಒಂದೇ ಸಲಕ್ಕೆ ಮನಸ್ಸಿಗೆ ಹತ್ತೋ ಹಾಡಿಲ್ಲ, ನಿಜ. ಮಧ್ಯದಲ್ಲಿ ಎಳೆದಂಗಾಗುತ್ತೆ ಅನ್ನೋದನ್ನೂ ಒಪ್ತೀನಿ. ಆದ್ರೆ 'ಸ್ಪೆಷಲ್ ಕೇಸಸ್' ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಕೆಳಗಡೆ ಗುರ್ ಅನ್ನೋ ಬೇಸ್, ಮೇಲೆ ಒಂದೇ ಸಮ ಸುತ್ತೋ ಸ್ಟ್ರಿಂಗ್ಸ್, ನಡುವೆ ಐರಿಶ್ ಗಾಯಕಿ ಶಿನೇಡ್ ಓಕಾನರ್ ಒಂಚೂರೂ ಕಿರುಚದೆ ಹಾಡ್ತಾರೆ, ಇದನ್ನ ತಣ್ಣಗಿದೆ ಅಂತ ಹೇಗಂದ್ರೋ ಗೊತ್ತಿಲ್ಲ. 'ಎವ್ರಿವೆನ್'ನಲ್ಲಿ ಜಮೈಕಾದ ರೆಗೇ ಗಾಯಕ ಹೊರೇಸ್ ಆಂಡಿಯ ನಡುಗೋ ದನಿ ಅಂತೂ ಎದೆಗೇ ಬಂದು ತಾಗುತ್ತೆ.

ಟೈಮ್ ಕೂಡ ನೋಡಿ. ಇರಾಕ್ ಯುದ್ಧ ಇನ್ನೇನು ಶುರು ಅನ್ನೋ ದಿನಗಳು, ಡೆಲ್ ನಾಜಾ ಮತ್ತೆ ಬ್ಲರ್ ಬ್ಯಾಂಡಿನ ಗಾಯಕ ಡೇಮನ್ ಆಲ್ಬರ್ನ್ ಸೇರಿ ಯುದ್ಧದ ವಿರುದ್ಧ ಪತ್ರಿಕೇಲಿ ಜಾಹೀರಾತು ಕೊಟ್ಟಿದ್ರು. ಆಲ್ಬಂನಲ್ಲಿರೋ ಆತಂಕಕ್ಕೂ ಆ ದಿನಗಳಿಗೂ ಸಂಬಂಧ ಇಲ್ಲ ಅನ್ನೋಕಾಗಲ್ಲ.

2010ರ 'ಹೆಲಿಗೋಲ್ಯಾಂಡ್'ಗೆ ಡ್ಯಾಡಿ ಜಿ ವಾಪಸ್ ಬಂದ್ರು, ಆಲ್ಬರ್ನ್, ಅಮೆರಿಕದ ಗಾಯಕಿ ಹೋಪ್ ಸ್ಯಾಂಡೋವಲ್ ಎಲ್ಲಾ ಬಂದ್ರು, ಆದ್ರೂ 'ಮೆಜ್ಜನೈನ್' ಜೊತೆ ಹೋಲಿಸೋದು ಮಾತ್ರ ನಿಲ್ಲಲಿಲ್ಲ.