ಎರಡು ಸಲ ಮುಟ್ಟಿದರೆ ಮಾತ್ರ

ನಮ್ಮ ಬಾಲ್ಕನಿಗೆ ಬಂದವರು ಕೇಳುವ ಮೊದಲ ಪ್ರಶ್ನೆ, "ಬೆರಳು ಇಟ್ರೆ ಕಚ್ಚುತ್ತಾ?" ಎರಡನೆಯದು, "ಇದಕ್ಕೆ ಚಿಕನ್ ಹಾಕ್ತೀರಾ?" ಮೇಲಿನ ಮನೆಯ ಆಂಟಿ ಮಾತ್ರ ಏನೂ ಕೇಳಲಿಲ್ಲ. "ಇಂಥವನ್ನೆಲ್ಲ ಮನೇಲಿ ಇಟ್ಕೋಬಾರದಪ್ಪ" ಎಂದು ಹೇಳಿ ಇಳಿದು ಹೋದರು. ಅಂಗೈಯಗಲದ ಕುಂಡದಲ್ಲಿ ಹುಳ ಹಿಡಿಯುವ ಒಂದು ವೀನಸ್ ಫ್ಲೈಟ್ರಾಪ್ ಗಿಡ, ಅದರ ಎಲೆಯ ತುದಿಗೆ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡ ಬಾಯಿ. ಅಷ್ಟಕ್ಕೇ ಇಷ್ಟು ಕೆಟ್ಟ ಹೆಸರು!

ಹೆಸರು ಕೆಟ್ಟಿದ್ದು ಇವತ್ತಲ್ಲ. 1874ರಲ್ಲಿ ನ್ಯೂಯಾರ್ಕ್‌ನ ಒಂದು ಪತ್ರಿಕೆ, ಮಡಗಾಸ್ಕರ್‌ನಲ್ಲಿ ಮನುಷ್ಯರನ್ನು ನುಂಗುವ ಮರ ಇದೆ ಎಂದು ಬರೆಯಿತು. ಮರವೂ ಇರಲಿಲ್ಲ, ಅದನ್ನು ಕಂಡೆ ಎಂದ ಪ್ರವಾಸಿಯೂ ಇರಲಿಲ್ಲ. ಪೂರಾ ಕಟ್ಟುಕತೆ. ಆದರೂ ದಶಕಗಟ್ಟಲೆ ಓಡಿತು. ನಾವೇನು ಕಮ್ಮಿ? 2007ರಲ್ಲಿ ದಕ್ಷಿಣ ಕನ್ನಡದ ಕೊಕ್ಕಡದ ಕಡೆಯಿಂದ ಒಂದು ಸುದ್ದಿ ಬಂತು. ಮೇಯಲು ಹೋದ ಹಸುವನ್ನು ಮರವೊಂದು ಕೊಂಬೆಯಲ್ಲಿ ಸುತ್ತಿ ಎಳೆದುಕೊಂಡಿತಂತೆ. ಊರವರು ಅದನ್ನು 'ಪಿಲಿ ಮರ' ಅನ್ನುತ್ತಾರಂತೆ. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಹಸು ತಿನ್ನುವ ಮರ ಭೂಮಿಯ ಮೇಲೆ ಎಲ್ಲೂ ಇಲ್ಲ. ಹೂಜಿಯಂಥ ಎಲೆಯೊಳಗೆ ಹುಳ ಬೀಳಿಸಿಕೊಳ್ಳುವ ಹೂಜಿ ಗಿಡಗಳಲ್ಲಿ ತುಂಬ ದೊಡ್ಡವುಗಳಿಗೆ ಅಪರೂಪಕ್ಕೆ ಇಲಿ ಬಿದ್ದು ಸತ್ತದ್ದುಂಟು. ಅಲ್ಲಿಗೆ ಮುಗಿಯಿತು.

ನನ್ನ ಪ್ರಕಾರ ತಪ್ಪು 'ಮಾಂಸಾಹಾರಿ' ಎಂಬ ಪದದಲ್ಲೇ ಇದೆ. ಈ ಗಿಡಗಳು ಊಟ ಮಾಡಿಕೊಳ್ಳುವುದು ಬಿಸಿಲಿನಿಂದ, ನಿಮ್ಮ ದಾಸವಾಳದ ಹಾಗೆಯೇ. ನೊಣದಿಂದ ಅವಕ್ಕೆ ಸಿಗುವುದು ಸಾರಜನಕ, ರಂಜಕ. ಅಂದರೆ ಗೊಬ್ಬರ. ತೆಂಗಿನ ಮರ ಸಗಣಿ ತಿನ್ನುತ್ತೆ ಅಂತ ಯಾರಾದರೂ ಹೇಳ್ತಾರಾ? ಒಂದೇ ಒಂದು ಹುಳ ಸಿಗದಿದ್ದರೂ ಒಳ್ಳೆಯ ಬಿಸಿಲಿದ್ದರೆ ಈ ಗಿಡ ತಿಂಗಳುಗಟ್ಟಲೆ ಬದುಕುತ್ತದೆ. ಕತ್ತಲ ಮೂಲೆಯಲ್ಲಿಟ್ಟು ದಿನಾ ನೊಣ ತಿನ್ನಿಸಿ ನೋಡಿ, ಸಾಯುತ್ತದೆ.

ಇದು ತಲೆಗೆ ಹೋಗುವ ಹೊತ್ತಿಗೆ ನಾನು ಎರಡು ಗಿಡ ಕೊಂದಿದ್ದೆ. ಮೊದಲನೆಯದನ್ನು ಕೊಂದದ್ದು ನಮ್ಮ ಬೋರ್‌ವೆಲ್ ನೀರು. ಎರಡನೆಯದನ್ನು ಕೊಂದದ್ದು ನನ್ನ ಪ್ರೀತಿ. ಕೆಂಪು ಮಣ್ಣು, ಎರೆಗೊಬ್ಬರ, ಬೇವಿನ ಹಿಂಡಿ ಎಲ್ಲ ಹಾಕಿದ್ದೆ. ಹತ್ತೇ ದಿನಕ್ಕೆ ಕಪ್ಪಾಯಿತು. ವೀನಸ್ ಫ್ಲೈಟ್ರಾಪ್‌ನ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿಯ ಜೌಗು ನೆಲ. ಪ್ರಪಂಚದಲ್ಲಿ ಬೇರೆಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ. ಅಲ್ಲಿಯ ಮರಳು ಮಣ್ಣಿನಲ್ಲಿ ಸತ್ವವೇ ಇಲ್ಲ. ಅಂಥ ಬಡತನಕ್ಕೆ ಒಗ್ಗಿದ ಬೇರಿಗೆ ಲವಣ ಸುರಿದರೆ ಹೇಗೆ ತಡೆಯುತ್ತೆ? ಈಗ ಮಣ್ಣಿನ ಬದಲು ಸತ್ವವಿಲ್ಲದ ಪೀಟ್ ಮತ್ತು ಪರ್ಲೈಟ್, ಕುಂಡದ ಕೆಳಗೆ ಒಂದು ತಟ್ಟೆ, ತಟ್ಟೆಯಲ್ಲಿ ಮಳೆನೀರು. ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಅಳತೆ, 50 ದಾಟಬಾರದು. ಮಳೆ ಇಲ್ಲದಾಗ ಎಸಿಯಿಂದ ತೊಟ್ಟಿಕ್ಕುವ ನೀರು. ಚಳಿಗಾಲದಲ್ಲಿ ಈ ಗಿಡಕ್ಕೆ ಮೂರು ತಿಂಗಳ ನಿದ್ದೆ ಬೇಕು. ಬೆಂಗಳೂರಿನ ಚಳಿ ಸಾಲದು. ಹಾಗಾಗಿ ಡಿಸೆಂಬರ್‌ನಲ್ಲಿ ನಮ್ಮ ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಗಿಡ ಮಲಗಿರುತ್ತದೆ. ಅಮ್ಮನಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ.

ಇನ್ನು ನನಗೆ ಹುಚ್ಚು ಹಿಡಿಸಿದ ವಿಷಯಕ್ಕೆ ಬರುತ್ತೇನೆ. ಈ ಗಿಡ ಎಣಿಸುತ್ತದೆ.

ಬಾಯಿಯ ಒಂದೊಂದು ದವಡೆಯ ಒಳಗೂ ಸಾಮಾನ್ಯವಾಗಿ ಮೂರು ಸಣ್ಣ ಕೂದಲುಗಳಿರುತ್ತವೆ. ಒಂದನ್ನು ಒಂದು ಸಲ ಮುಟ್ಟಿ. ಏನೂ ಆಗದು. ಸುಮಾರು 20 ಸೆಕೆಂಡಿನೊಳಗೆ ಇನ್ನೊಂದು ಸಲ ಮುಟ್ಟಿ. ಫಟ್! ತಡವಾಗಿ ಮುಟ್ಟಿದರೆ ಮತ್ತೆ ಒಂದರಿಂದ ಲೆಕ್ಕ. ನಮ್ಮಜ್ಜಿ ಹೇಳುತ್ತಿದ್ದರು, ರಾತ್ರಿ ಯಾರಾದರೂ ಒಂದೇ ಸಲ ಕರೆದರೆ ಓಗೊಡಬೇಡ, ದೆವ್ವ ಎರಡನೇ ಸಲ ಕರೆಯಲ್ಲ ಅಂತ. ದೆವ್ವದ ವಿಷಯ ಬಿಡಿ, ಲೆಕ್ಕ ಮಾತ್ರ ಅದೇ. ಒಂದು ಸಲ ತಾಗಿದ್ದು ಮಳೆಹನಿ ಇರಬಹುದು, ತರಗೆಲೆ ಇರಬಹುದು. ಬೆನ್ನಿಗೇ ಎರಡನೇ ಸಲ ತಾಗಿತೆಂದರೆ ಜೀವ ಇರುವುದೇ ಇರಬೇಕು.

ಮಿದುಳಿಲ್ಲದ್ದು ಹೇಗೆ ಎಣಿಸುತ್ತೆ? ತಳ ತೂತಾದ ಕೊಡ ನೆನಪು ಮಾಡಿಕೊಳ್ಳಿ. ಒಂದು ಚೊಂಬು ನೀರು ಹುಯ್ದರೆ ಅರ್ಧಕ್ಕೆ ಬಂದು ಸೋರತೊಡಗುತ್ತದೆ. ಸೋರುವ ಮೊದಲೇ ಇನ್ನೊಂದು ಚೊಂಬು ಹುಯ್ದರೆ ತುಂಬಿ ಹೊರಚೆಲ್ಲುತ್ತದೆ. ಇಲ್ಲಿ ನೀರಿನ ಬದಲು ಕ್ಯಾಲ್ಸಿಯಂ. ಕೂದಲು ಬಾಗಿದಾಗ ಎಲೆಯ ತುಂಬ ಒಂದು ವಿದ್ಯುತ್ ಅಲೆ ಓಡುತ್ತದೆ, ಜೀವಕೋಶಗಳೊಳಗೆ ಕ್ಯಾಲ್ಸಿಯಂ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಇಳಿಯುವ ಮೊದಲೇ ಎರಡನೇ ಅಲೆ ಬಂದರೆ ಗೆರೆ ದಾಟುತ್ತದೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಈ ಕ್ಯಾಲ್ಸಿಯಂ ಹೊಳೆಯುವಂತೆ ಮಾಡಿ, ಏರುವುದನ್ನೂ ಇಳಿಯುವುದನ್ನೂ ಕಣ್ಣಾರೆ ಕಂಡರು. ವಿದ್ಯುತ್ ಅಲೆಯ ಸಂಗತಿ ಇನ್ನೂ ಹಳೆಯದು. ಡಾರ್ವಿನ್ ಹೇಳಿದನೆಂದು 1873ರಲ್ಲೇ ಬರ್ಡನ್ ಸ್ಯಾಂಡರ್ಸನ್ ಎಂಬ ವೈದ್ಯ ಅದನ್ನು ಅಳೆದಿದ್ದ.

ಲೆಕ್ಕ ಎರಡಕ್ಕೆ ನಿಲ್ಲುವುದಿಲ್ಲ. ಒಳಗೆ ಸಿಕ್ಕಿದ ನೊಣ ಒದ್ದಾಡಿ ಕೂದಲನ್ನು ಮತ್ತೆ ಮತ್ತೆ ತಾಗಿಸಬೇಕು. ಲೆಕ್ಕ ಐದರ ಹತ್ತಿರ ಬಂದಾಗಲೇ ಜೀರ್ಣರಸದ ತಯಾರಿ ಜೋರಾಗುವುದು. ಹಾಲು ಉಕ್ಕಿದ ಮೇಲೆ ತಾನೇ ಪಾಯಸಕ್ಕೆ ಸಕ್ಕರೆ?

ಇನ್ನು ಆ ಫಟ್. ಸ್ನಾಯುವಿಲ್ಲದೆ ಹತ್ತನೇ ಒಂದು ಸೆಕೆಂಡಿನಲ್ಲಿ ಮುಚ್ಚುವುದು ಹೇಗೆ? ಮುಂಗಾರಿನ ಗಾಳಿಗೆ ಛತ್ರಿ ಮಗುಚಿಕೊಳ್ಳುವುದನ್ನು ನೋಡಿದ್ದೀರಲ್ಲ. ಸ್ವಲ್ಪ ಹೊತ್ತು ತಡೆಯುತ್ತೆ, ತಡೆಯುತ್ತೆ, ಆಮೇಲೆ ಒಮ್ಮೆಲೇ ತಿರುಗಿಬಿಡುತ್ತೆ. ದವಡೆಯೂ ಹಾಗೇ. ತೆರೆದಿರುವಾಗ ಒಳಮುಖ ಉಬ್ಬಿರುತ್ತದೆ. ನೀರಿನ ಒತ್ತಡ ಬದಲಾಗುತ್ತಿದ್ದಂತೆ ಪಟಕ್ಕನೆ ತಗ್ಗಾಗಿ ಮಗುಚುತ್ತದೆ. 2005ರಲ್ಲಿ ಫೋರ್ಟೆರ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಇದನ್ನು ಲೆಕ್ಕ ಹಾಕಿ ತೋರಿಸಿದರು.

ಹದಿನೆಂಟನೇ ಶತಮಾನದ ಸಸ್ಯವಿಜ್ಞಾನಿ ಲಿನ್ನೇಯಸ್‌ಗೆ ಇದ್ಯಾವುದೂ ಬೇಕಿರಲಿಲ್ಲ. ಗಿಡ ಪ್ರಾಣಿಯನ್ನು ತಿನ್ನುವುದು ದೇವರ ಏರ್ಪಾಡಿಗೆ ವಿರುದ್ಧ ಅಂತ ಆತನ ನಂಬಿಕೆ. ಒದ್ದಾಟ ನಿಂತ ಮೇಲೆ ಗಿಡವೇ ಹುಳವನ್ನು ಬಿಟ್ಟುಬಿಡುತ್ತೆ ಅಂದುಕೊಂಡ. ಜಗತ್ತಿನ ಗಿಡಗಳಿಗೆಲ್ಲ ಹೆಸರಿಡಲು ಹೊರಟವನ ಕತೆ ಇದು. ಮೇಲಿನ ಮನೆಯ ಆಂಟಿಯ ಮೇಲೆ ನನಗೆ ಸಿಟ್ಟು ಬರದಿರುವುದಕ್ಕೆ ಇದೂ ಒಂದು ಕಾರಣ. ಕೊನೆಗೆ 1875ರಲ್ಲಿ ಡಾರ್ವಿನ್ ಈ ಗಿಡಗಳ ಮೇಲೆ ಇಡೀ ಪುಸ್ತಕವನ್ನೇ ಬರೆದು ವಿವಾದ ಮುಗಿಸಿದ.

ಫೋಟೋ ತೆಗೆಯಲು ಹೊರಟಾಗಲೇ ಹತ್ತನೇ ಒಂದು ಸೆಕೆಂಡು ಅಂದರೆ ಎಷ್ಟು ಎಂದು ನನಗೆ ಗೊತ್ತಾಗಿದ್ದು. ಮಾಮೂಲಿ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರ. ಮುಚ್ಚುವ ಇಡೀ ಆಟಕ್ಕೆ ಸಿಗುವುದು ಮೂರು. ಮೊಬೈಲಿನ 240ರ ಸ್ಲೋ ಮೋಷನ್ ಹಾಕಿದರೆ 24. ಆಗ ಛತ್ರಿ ಮಗುಚುವುದು ಕಾಣುತ್ತದೆ. ಆದರೆ ಒಂದು ಬಾಯಿ ಕೆಲವೇ ಸಲ ಮುಚ್ಚಿ ಆಮೇಲೆ ಒಣಗುತ್ತದೆ. ವಿಡಿಯೋಗಾಗಿ ಪೆನ್ಸಿಲ್‌ನಿಂದ ಕೆಣಕಿ ಕೆಣಕಿ ನಾನು ನಾಲ್ಕು ಬಾಯಿ ಹಾಳು ಮಾಡಿದ್ದೇನೆ. ಈಗ ಮಾಡುವುದಿಲ್ಲ.

ಹುಳ ಹಿಡಿಯುವ ಇನ್ನೊಂದು ಗಿಡ ಡ್ರೊಸೆರಾ, ಅದು ಬೇರೆ ಥರ. ಎಲೆ ತುಂಬ ಕೆಂಪು ಕಡ್ಡಿ, ಕಡ್ಡಿ ತುದಿಗೆ ಅಂಟಿನ ಹನಿ. ಬೆಳಿಗ್ಗೆ ಏಳೂವರೆಯ ಬಿಸಿಲು ಹಿಂದಿನಿಂದ ಬಿದ್ದರೆ ಸಾಕು, ಒಂದೊಂದು ಹನಿಯಲ್ಲೂ ನಮ್ಮ ಕಿಟಕಿ ತಲೆಕೆಳಗಾಗಿ ಕಾಣುತ್ತದೆ. ಇಬ್ಬನಿ ಕಾಣಲಿ ಅಂತ ಸ್ಪ್ರೇ ಮಾಡಿ ಫೋಟೋ ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ನೀರಿಗೆ ಅಂಟೆಲ್ಲ ತೊಳೆದು ಹೋಗುತ್ತೆ. ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲೂ ಡ್ರೊಸೆರಾಗಳಿವೆ. ಮಳೆ ಮುಗಿಯುವ ಹೊತ್ತಿಗೆ ಮುರಕಲ್ಲಿನ ಪದವುಗಳಲ್ಲಿ ಮಂಡಿಯೂರಿ ಕೂತರೆ ಕಂಡಾವು. ನೋಡಿ, ಫೋಟೋ ತೆಗೆಯಿರಿ, ಕಿತ್ತು ತರಬೇಡಿ.

ಮೇಘಾಲಯದ ಹೂಜಿ ಗಿಡವನ್ನು ಗಾರೋ ಜನ 'ದೆವ್ವದ ಬುಟ್ಟಿ' ಎನ್ನುತ್ತಾರೆ. ಅದರ ಬಾಯಂಚು ನೇರಳಾತೀತ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ ಎಂದು 2013ರಲ್ಲಿ ಕೇರಳದ ಪಾಲೋಡ್‌ನ ಸಸ್ಯೋದ್ಯಾನದ ವಿಜ್ಞಾನಿಗಳು ತೋರಿಸಿದರು. ಆ ಹೊಳಪನ್ನು ಮರೆ ಮಾಡಿದಾಗ ಬೀಳುವ ಹುಳಗಳೂ ಕಮ್ಮಿಯಾದವು. ನರ್ಸರಿಯಲ್ಲಿ ಬೆಳೆಸಿದ್ದನ್ನು ಒಂದು ತಂದಿದ್ದೇನೆ. ಕರೆಂಟ್ ಹೋದ ರಾತ್ರಿ 365 ನ್ಯಾನೊಮೀಟರಿನ ನೇರಳಾತೀತ ಟಾರ್ಚ್ ಹಿಡಿದು, ಟ್ರೈಪಾಡ್ ಇಟ್ಟು, ಕ್ಯಾಮೆರಾದ ಶಟರ್ ನಾಲ್ಕು ಸೆಕೆಂಡು ತೆರೆದಿಟ್ಟರೆ ಆ ನೀಲಿ ಬಳೆ ಸಿಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಫೋಟೋದಲ್ಲಿ ಏನೂ ನಡೆಯುವುದಿಲ್ಲ. ತೆರೆದ ಫ್ಲೈಟ್ರಾಪ್‌ನೊಳಗೆ ಒಂದು ಕಟ್ಟಿರುವೆ. ಮುಂಗಾಲು ಕೂದಲಿಗೆ ತಾಗಿದೆ. ಅದು ಅಲ್ಲೇ ನಿಂತು ಮೀಸೆ ಒರೆಸಿಕೊಂಡಿತು. ನಾನು ಉಸಿರು ಹಿಡಿದು ಎಣಿಸುತ್ತಿದ್ದೆ. ಮೂವತ್ತು ದಾಟಿದ ಮೇಲೆ ಇರುವೆ ಅಂಚು ಹತ್ತಿ ಪಕ್ಕದ ಕುಂಡಕ್ಕೆ ಇಳಿದು ಹೋಯಿತು.