ಕ್ಯಾಪ್‌ನಲ್ಲಿ ಜಾಗವೇ ಇಲ್ಲ ಅಂದರು, ಮತ್ತೆ ಆ ಆಟಗಾರ ಹೇಗೆ ಬಂದ?

ಪ್ರಶ್ನೆ: "ಎನ್‌ಎಚ್‌ಎಲ್‌ನಲ್ಲಿ ನಮ್ಮ ಟೀಮಿಗೆ ಉಳಿದಿರುವುದು ಒಂದು ಮಿಲಿಯನ್ ಡಾಲರ್ ಮಾತ್ರ ಅಂತಾರೆ. ಟ್ರೇಡ್ ಡೆಡ್‌ಲೈನ್ ದಿನ ನೋಡಿದರೆ ನಾಲ್ಕೂವರೆ ಮಿಲಿಯನ್ ಆಟಗಾರನನ್ನು ತಂದಿರುತ್ತಾರೆ. ಯಾರನ್ನೋ ಗಾಯಾಳು ಪಟ್ಟಿಯಲ್ಲಿ ಬಚ್ಚಿಟ್ಟು ಸಂಬಳ ಮಾಯ ಮಾಡ್ತಾರೆ, ಅಲ್ವಾ?"

ಅಲ್ಲ. ಎನ್‌ಎಚ್‌ಎಲ್ ಅಂದರೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್. ಕ್ಯಾಪ್ ಅಂದರೆ ಒಂದು ಟೀಮಿನ ಆಟಗಾರರ ಸಂಬಳಕ್ಕೆ ಹಾಕಿದ ಮಿತಿ. ಟ್ರೇಡ್ ಡೆಡ್‌ಲೈನ್ ಅಂದರೆ ಬೇರೆ ಟೀಮಿನಿಂದ ಆಟಗಾರನನ್ನು ತಂದು ಆ ಸೀಸನ್ನಿನಲ್ಲಿ ಆಡಿಸಲು ಇರುವ ಕೊನೆಯ ಗಡುವು. ಫೆಬ್ರವರಿ ಕೊನೆ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಕೇಳಿದ್ದಾರೆ. ಕೇಳುವವರಲ್ಲಿ ಅರ್ಧ ಜನ ಟೊರಾಂಟೊ ಕಡೆಯವರು. 1967ರಿಂದ ಲೀಗಿನ ಕಪ್ ನೋಡದ ಊರು ಅದು, ಅವರ ಸಂಕಟ ನನಗೆ ಅರ್ಥವಾಗುತ್ತದೆ. 2026ರ ಡೆಡ್‌ಲೈನ್ ಮಾರ್ಚ್ 6, ಅಲ್ಲಿನ ಮಧ್ಯಾಹ್ನ 3 ಗಂಟೆಗೆ. ಒಮ್ಮೆ ಬರೆದಿಟ್ಟುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯಿತು.

ಮೊದಲು ಆ ಒಂದು ಮಿಲಿಯನ್ ವಿಷಯ ಮುಗಿಸೋಣ. ನಮ್ಮವರ ತಲೆಯಲ್ಲಿ ಐಪಿಎಲ್ ಪರ್ಸ್ ಕೂತಿದೆ. ಚೀಲದಲ್ಲಿ ಇಷ್ಟು ದುಡ್ಡು, ತೆಗೆದಷ್ಟು ಖಾಲಿ. ಎನ್‌ಎಚ್‌ಎಲ್ ಕ್ಯಾಪ್ ಚೀಲ ಅಲ್ಲ, ದಿನಗೂಲಿ ಲೆಕ್ಕ. ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಗೆ ಹಂಚಿದರೆ ಬರುವುದು ಆಟಗಾರನ ಕ್ಯಾಪ್ ಹಿಟ್. ಅದನ್ನು ಮತ್ತೆ ಸೀಸನ್ನಿನ ದಿನಗಳಿಗೆ ಹಂಚುತ್ತಾರೆ. ಸೀಸನ್ ಸುಮಾರು 190 ದಿನ. ಡೆಡ್‌ಲೈನ್ ಹೊತ್ತಿಗೆ ಉಳಿಯುವುದು ಸುಮಾರು 40. ನಾಲ್ಕೂವರೆ ಮಿಲಿಯನ್ ಆಟಗಾರನಿಗೆ ಆ 40 ದಿನದ ಲೆಕ್ಕ ಎಷ್ಟು? ಒಂದು ಮಿಲಿಯನ್ನಿಗೂ ಸ್ವಲ್ಪ ಕಡಿಮೆ. ಅಕ್ಟೋಬರಿನಿಂದ ಆ ಜಾಗವನ್ನು ಮುಟ್ಟದೆ ಉಳಿಸಿಕೊಂಡ ಟೀಮು ಅವನನ್ನು ಆರಾಮಾಗಿ ತರಬಹುದು. ಇಷ್ಟೇ. ಇದರಲ್ಲಿ ಮೋಸ ಏನೂ ಇಲ್ಲ, ಬರೀ ಭಾಗಾಕಾರ.

ಈಗ ಗಾಯಾಳು ಪಟ್ಟಿಗೆ ಬರೋಣ. ನನ್ನ ತಾಳ್ಮೆ ಕೆಡಿಸುವುದು ಇದೇ.

ಎಲ್‌ಟಿಐಆರ್ ಅಂದರೆ ಬಹಳ ದಿನ ಆಡಲಾಗದವರ ಪಟ್ಟಿ. ಕನಿಷ್ಠ 10 ಪಂದ್ಯ ಮತ್ತು 24 ದಿನ ಆಡಲು ಆಗದಿದ್ದರೆ ಮಾತ್ರ ಇದಕ್ಕೆ ಸೇರಿಸಬಹುದು. ಸೇರಿಸಿದರೆ ಅವನ ಸಂಬಳ ಲೆಕ್ಕದಿಂದ ಹೊರಗೆ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಹೋಗುವುದಿಲ್ಲ! ಒಂದು ಡಾಲರ್ ಕೂಡ ಹೋಗುವುದಿಲ್ಲ. ಮೇಷ್ಟ್ರೊಬ್ಬರು ಕಾಯಿಲೆ ಅಂತ ರಜೆ ಹಾಕಿದರು ಅಂದುಕೊಳ್ಳಿ. ಅವರ ಸಂಬಳ ಶಾಲೆಯ ಲೆಕ್ಕದಲ್ಲೇ ಇರುತ್ತದೆ. ಬದಲಿಗೆ ಒಬ್ಬರನ್ನು ಇಟ್ಟುಕೊಳ್ಳಿ, ಆ ಖರ್ಚು ಬಜೆಟ್ ಮೀರಿದರೂ ಪರವಾಗಿಲ್ಲ ಎಂದು ಮೇಲಿನವರು ಒಪ್ಪಿಗೆ ಕೊಡುತ್ತಾರೆ. ಮೇಷ್ಟ್ರು ವಾಪಸ್ ಬಂದ ದಿನ ಆ ಒಪ್ಪಿಗೆ ಮುಗಿಯಿತು. ಎಲ್‌ಟಿಐಆರ್ ಕೂಡ ಹೀಗೆ ಮಿತಿ ಮೀರಲು ಕೊಡುವ ಒಪ್ಪಿಗೆ.

ಆ ಒಪ್ಪಿಗೆಯೂ ಪೂರ್ತಿ ಸಿಗುತ್ತದೆ ಅಂತಲ್ಲ. 2025-26ರ ಕ್ಯಾಪ್ 95.5 ಮಿಲಿಯನ್. ಒಂದು ಟೀಮಿನ ಲೆಕ್ಕ 95 ಮಿಲಿಯನ್ ಇದೆ, ಅದರಲ್ಲಿ 9 ಮಿಲಿಯನ್ ಆಟಗಾರ ಸೀಸನ್ ಪೂರ್ತಿ ಹೊರಗೆ ಎಂದು ಇಟ್ಟುಕೊಳ್ಳಿ. ಅವನನ್ನು ಪಟ್ಟಿಗೆ ಹಾಕಿದರೆ ಸಿಗುವ ರಿಯಾಯಿತಿ 9 ಅಲ್ಲ, 8.5. ಮೊದಲೇ ಖಾಲಿ ಇದ್ದ ಅರ್ಧ ಮಿಲಿಯನ್ ಅದರಲ್ಲಿ ಮುರಿದುಕೊಳ್ಳುತ್ತದೆ. ಅದಕ್ಕೇ ಜಾಣ ಮ್ಯಾನೇಜರುಗಳು ಕ್ಯಾಪಿನ ಅಂಚಿನ ತನಕ ತುಂಬಿಕೊಂಡು ಆಮೇಲೆ ಪಟ್ಟಿಗೆ ಹಾಕುತ್ತಾರೆ. ಇನ್ನೊಂದು ನಷ್ಟವೂ ಇದೆ. ಈ ರಿಯಾಯಿತಿಯ ಮೇಲೆ ಬದುಕುತ್ತಿರುವ ಟೀಮಿಗೆ ನಾನು ಮೇಲೆ ಹೇಳಿದ ದಿನದಿನದ ಉಳಿತಾಯ ಸಿಗುವುದಿಲ್ಲ. ಅಂದರೆ ನಿಮ್ಮ ಪ್ರಶ್ನೆಯ ಎರಡು ಭಾಗಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಒಂದು ಮಿಲಿಯನ್ ಬೆಳೆದು ನಾಲ್ಕೂವರೆ ಆಗಿದ್ದರೆ, ಆ ಟೀಮು ಅದನ್ನು ಬೆಳೆಸಿದ್ದು ಗಾಯಾಳು ಪಟ್ಟಿಯಿಂದಲ್ಲ.

"ಹಾಗಾದರೆ ಕುಚೆರೊವ್?" ಗೊತ್ತಿತ್ತು, ಇದನ್ನು ಕೇಳುತ್ತೀರಿ ಅಂತ.

ಟ್ಯಾಂಪಾ ಬೇ ಟೀಮಿನ ನಿಕಿತಾ ಕುಚೆರೊವ್‌ಗೆ 2020ರ ಡಿಸೆಂಬರಿನಲ್ಲಿ ಸೊಂಟದ ಆಪರೇಷನ್ ಆಯಿತು. ಲೀಗ್ ಹಂತದ ಒಂದು ಪಂದ್ಯವನ್ನೂ ಆಡಲಿಲ್ಲ. ಪ್ಲೇಆಫ್‌ನ ಮೊದಲ ಪಂದ್ಯಕ್ಕೇ ಬಂದು, 23 ಪಂದ್ಯಗಳಲ್ಲಿ 32 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿ ಕಪ್ ಎತ್ತಿದರು. ಆಮೇಲೆ ಕ್ಯಾಪಿಗಿಂತ 18 ಮಿಲಿಯನ್ ಜಾಸ್ತಿ ಎಂದು ಬರೆದ ಟೀ ಶರ್ಟ್ ಬೇರೆ ಹಾಕಿಕೊಂಡರು. ಹೊಟ್ಟೆ ಉರಿಯದೆ ಇರುತ್ತದೆಯೇ? 2023ರಲ್ಲಿ ವೇಗಸ್‌ನ ಮಾರ್ಕ್ ಸ್ಟೋನ್ ಬೆನ್ನಿನ ಆಪರೇಷನ್ ಮುಗಿಸಿ ಹಾಗೇ ಬಂದರು, ಕಪ್ ಗೆದ್ದ ರಾತ್ರಿ ಹ್ಯಾಟ್ರಿಕ್ ಹೊಡೆದರು. 2025ರಲ್ಲಿ ಫ್ಲಾರಿಡಾದ ಮ್ಯಾಥ್ಯೂ ಟ್ಕಾಚಕ್ ಸರದಿ. ಮೂವರ ಕ್ಯಾಪ್ ಹಿಟ್ಟೂ 9.5 ಮಿಲಿಯನ್. ಸುಮ್ನೆ ಕಾಕತಾಳೀಯ, ಆದರೆ ಪಿತೂರಿ ಹುಡುಕುವವರಿಗೆ ಇದೇ ಸಾಕು.

ಗಾಯ ಸುಳ್ಳು ಅನ್ನುವವರಿಗೆ ಒಂದು ಮಾತು. ಸುಮ್ನೆ ಯಾರೂ ಸೊಂಟ ಕೊಯ್ಸಿಕೊಳ್ಳುವುದಿಲ್ಲ. ಸ್ಟೋನ್‌ಗೆ ವರ್ಷದೊಳಗೆ ಎರಡು ಸಲ ಬೆನ್ನಿನ ಆಪರೇಷನ್ ಆಗಿತ್ತು. ಟ್ಕಾಚಕ್ ಕಪ್ ಗೆದ್ದ ಮೇಲೆ ಹೋಗಿ ಆಪರೇಷನ್ ಮಾಡಿಸಿಕೊಂಡು ಮುಂದಿನ ಸೀಸನ್ನಿನ ಶುರುವಿನ ಪಂದ್ಯಗಳನ್ನೂ ಕಳೆದುಕೊಂಡರು. ಸರಿಯಾಗಿ ಪ್ಲೇಆಫ್ ದಿನವೇ ಹುಷಾರಾಗಿದ್ದು ಹೇಗೆ ಎಂದು ಹುಬ್ಬೇರಿಸಬಹುದು. ನಾನೂ ಏರಿಸಿದ್ದೇನೆ. ಆದರೆ ಅವರನ್ನು ಕಾಪಾಡಿದ್ದು ಗಾಯಾಳು ಪಟ್ಟಿ ಅಲ್ಲ. ಆಗ ಪ್ಲೇಆಫ್‌ಗೆ ಕ್ಯಾಪೇ ಇರಲಿಲ್ಲ! ಆಟಗಾರರ ಸಂಬಳವೆಲ್ಲ ಲೀಗ್ ಹಂತದ ದಿನಗಳಿಗೇ ಸಿಗುವಂಥದ್ದು. ಆ ದಿನಗಳು ಮುಗಿದ ಮೇಲೆ ದಿನಗೂಲಿ ಲೆಕ್ಕವೂ ಬಂದ್. ಲೆಕ್ಕವೇ ಇಲ್ಲದ ಕಡೆ ಮಿತಿ ಎಲ್ಲಿಂದ ಬರಬೇಕು? ತೂತು ಇದ್ದದ್ದು ಅಲ್ಲಿ. ಜನ ಬೈದದ್ದು ಪಟ್ಟಿಯನ್ನು.

ಈಗ ಆ ತೂತನ್ನೂ ಮುಚ್ಚಿದ್ದಾರೆ. ಲೀಗ್ ಮತ್ತು ಆಟಗಾರರ ಸಂಘ 2025ರ ಬೇಸಿಗೆಯಲ್ಲಿ ಹೊಸ ಒಪ್ಪಂದಕ್ಕೆ ಬಂದವು. ಅದು ಪೂರ್ತಿ ಜಾರಿಯಾಗುವುದು 2026ರ ಸೆಪ್ಟೆಂಬರಿನಿಂದ, ಆದರೆ ಕೆಲವು ನಿಯಮಗಳನ್ನು 2025-26ರಿಂದಲೇ ತಂದರು. ಇನ್ನು ಪ್ಲೇಆಫ್‌ನಲ್ಲಿ ಅಂದಂದು ಆಡುವ 20 ಜನರ ಕ್ಯಾಪ್ ಹಿಟ್ ಮಿತಿಯೊಳಗೇ ಇರಬೇಕು. ಗಾಯಾಳು ಅದೇ ಸೀಸನ್ನಿನಲ್ಲೋ ಪ್ಲೇಆಫ್‌ನಲ್ಲೋ ವಾಪಸ್ ಬರುವವನಾದರೆ, ಅವನ ಬದಲಿಗೆ ಸಿಗುವ ರಿಯಾಯಿತಿ ಲೀಗಿನ ಹಿಂದಿನ ವರ್ಷದ ಸರಾಸರಿ ಸಂಬಳದಷ್ಟೇ, 2025-26ಕ್ಕೆ ಸುಮಾರು 3.8 ಮಿಲಿಯನ್. ಪೂರ್ತಿ ರಿಯಾಯಿತಿ ಬೇಕಾದರೆ ಅವನು ಆ ವರ್ಷ ಪ್ಲೇಆಫ್ ಕೂಡ ಆಡುವಂತಿಲ್ಲ. ಆದ್ದರಿಂದ ಈ ವರ್ಷವೂ "ಕುಚೆರೊವ್ ಥರ ಮಾಡಿಬಿಡಿ" ಎಂದು ಟೀಮಿಗೆ ಸಲಹೆ ಕೊಡಬೇಡಿ. ಆ ಕಾಲ ಮುಗಿಯಿತು.

ದೊಡ್ಡ ಹೆಸರುಗಳು ಬರುವ ನಿಜವಾದ ದಾರಿ ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಕಳಿಸುವ ಟೀಮು ಸಂಬಳದಲ್ಲಿ ಅರ್ಧದ ತನಕ ತಾನೇ ಹೊತ್ತುಕೊಳ್ಳಬಹುದು. 2025ರ ಡೆಡ್‌ಲೈನ್ ದಿನ ಬಾಸ್ಟನ್ ಬ್ರಾಡ್ ಮಾರ್ಷಂಡ್‌ರನ್ನು ಫ್ಲಾರಿಡಾಕ್ಕೆ ಕಳಿಸಿತಲ್ಲ, ಅವರ 6.125 ಮಿಲಿಯನ್‌ನಲ್ಲಿ ಅರ್ಧ ಬಾಸ್ಟನ್ ಲೆಕ್ಕದಲ್ಲೇ ಉಳಿಯಿತು. ಇನ್ನೂ ಮಜಾ ಮಿಕ್ಕೊ ರಾಂಟನೆನ್ ಕತೆ. 2025ರ ಜನವರಿಯಲ್ಲಿ ಕೊಲೊರಾಡೊದಿಂದ ಕ್ಯಾರೊಲೈನಾಕ್ಕೆ ಹೋದರು. ನಡುವೆ ಶಿಕಾಗೋ ನುಗ್ಗಿ ಅವರ 9.25 ಮಿಲಿಯನ್‌ನಲ್ಲಿ ಅರ್ಧ ಹೊತ್ತಿತು. ಟೇಲರ್ ಹಾಲ್‌ನನ್ನೂ ಕ್ಯಾರೊಲೈನಾಕ್ಕೆ ಕೊಟ್ಟಿತು. ಕೈಗೆ ಬಂದದ್ದು ಮೂರನೇ ಸುತ್ತಿನ ಒಂದು ಪಿಕ್, ಅಂದರೆ ಹೊಸ ಹುಡುಗನೊಬ್ಬನನ್ನು ಆರಿಸಿಕೊಳ್ಳುವ ಸರದಿ. ಮಾರ್ಚಿನಲ್ಲಿ ರಾಂಟನೆನ್ ಡಲ್ಲಾಸಿಗೆ ಹೋದಾಗಲೂ ಆ ಅರ್ಧ ಶಿಕಾಗೋ ತಲೆಯ ಮೇಲೇ! ಒಂದು ದಿನವೂ ತಮ್ಮಲ್ಲಿ ಆಡದವನಿಗೆ ಸಂಬಳ. ಒಂದು ಟೀಮು ಹೀಗೆ ಹೊರಬಹುದಾದದ್ದು ಒಂದು ಹೊತ್ತಿಗೆ ಮೂರೇ ಒಪ್ಪಂದ. ಮೊದಲೆಲ್ಲ ಒಂದೇ ದಿನ ಎರಡು ಟೀಮು ಅರ್ಧರ್ಧ ಹೊತ್ತು, ಕೊನೆಯವರಿಗೆ ಕಾಲು ಭಾಗಕ್ಕೆ ಆಟಗಾರ ಸಿಗುತ್ತಿದ್ದ. ಈಗ ಒಂದು ಸಲ ಹೊತ್ತ ಮೇಲೆ ಮತ್ತೊಂದು ಟೀಮು ಹೊರಲು 75 ದಿನ ಕಾಯಬೇಕು.

ಬರೀ ದುಡ್ಡು ಕೊಟ್ಟು ತರಬಹುದಲ್ವಾ ಎಂದು ಆರ್‌ಸಿಬಿ ಅಭಿಮಾನಿಗಳು ಕೇಳಬಹುದು. 2023ರಲ್ಲಿ ಕ್ಯಾಮರೂನ್ ಗ್ರೀನ್‌ರನ್ನು ಮುಂಬೈಯಿಂದ 17.5 ಕೋಟಿಗೆ ತಂದದ್ದು ಹಾಗೇ ಅಲ್ವಾ. ಎನ್‌ಎಚ್‌ಎಲ್ ಟ್ರೇಡಿನಲ್ಲಿ ನಗದು ನಡೆಯುವುದಿಲ್ಲ. ಆಟಗಾರ ಕೊಡಿ, ಪಿಕ್ ಕೊಡಿ, ಸಂಬಳ ಹೊತ್ತುಕೊಳ್ಳಿ. ದುಡ್ಡಿನ ಚೀಲ ಮನೆಯಲ್ಲೇ ಇರಲಿ.

ಯಾರೂ ಕೇಳದ ಇನ್ನೊಂದನ್ನು ನಾನೇ ಹೇಳಿಬಿಡುತ್ತೇನೆ. ಡೆಡ್‌ಲೈನ್ ಆದ ಮೇಲೂ ಟ್ರೇಡ್ ಮಾಡಬಹುದು. ಆದರೆ ಆಗ ಬಂದ ಆಟಗಾರ ಆ ಸೀಸನ್ನಿನಲ್ಲಿ ಹೊಸ ಟೀಮಿಗೆ ಆಡುವಂತಿಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 3 ಗಂಟೆ ಅನ್ನುವುದು ಲೀಗ್ ಕಚೇರಿಗೆ ಸುದ್ದಿ ಮುಟ್ಟಿಸುವ ಗಡುವು ಮಾತ್ರ. ಸಾಲಲ್ಲಿ ನಿಂತ ಟ್ರೇಡುಗಳನ್ನು ಒಂದೊಂದಾಗಿ ನೋಡಿ ಒಪ್ಪುವ ಹೊತ್ತಿಗೆ ಇನ್ನಷ್ಟು ಸಮಯ ಹೋಗುತ್ತದೆ. ಬೆಂಗಳೂರಿನಲ್ಲಿ ಎದ್ದು ಕೂತು ನೋಡುವವರೇ, ನಿಮಗೆ ಅದು ರಾತ್ರಿ ಒಂದೂವರೆ. ಒಂದೂವರೆ ಆದ ತಕ್ಷಣ ಏನೂ ಬರಲಿಲ್ಲ ಎಂದು ಮ್ಯಾನೇಜರಿಗೆ ಬೈದು ಮಲಗಬೇಡಿ. ಇನ್ನೊಂದು ಲೋಟ ಕಾಫಿ ಮಾಡಿಕೊಳ್ಳಿ.